ಮೈ ತುರಿಸಿದರೆ ಬದುವನ್ನೂ ನೋಡಿ

ಶ್ರಾವಣದ ಹೊತ್ತಿಗೆ ನರಗುಂದ ತಾಲ್ಲೂಕಿನ ಎರೆ ಹೊಲಗಳಲ್ಲಿ ಹೆಸರು ರಾಶಿಗೆ ಬಂದಿರುತ್ತದೆ, ಗೋವಿನಜೋಳ ಎದೆಮಟ್ಟ ಎದ್ದಿರುತ್ತದೆ. ಶಿರೋಳದ ಸುತ್ತಲಿನ ಹೊಲಗಳಿಗೆ ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಂಡು ಕೂಲಿಯ ಹೆಂಗಸರು ಹೊರಡುತ್ತಾರೆ. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ, ತಲೆಗೆ ಟವೆಲ್ಲು, ಕೈಯಲ್ಲಿ ಕುರ್ಚಿಗಿ. ಸಾಲು ಹಿಡಿದು ಕುಳಿತರೆಂದರೆ ಮಾತಾಡುತ್ತಲೇ ಕಸ ತೆಗೆಯುತ್ತ ಮುಂದೆ ಸರಿಯುತ್ತಾರೆ. ಬೆಳೆಯೊಳಗಿನ ಕಸ ಮುಗಿದ ಮೇಲೆ ಬದುವಿನ ಸರದಿ. ಅಲ್ಲಿ ಸೊಂಟದೆತ್ತರಕ್ಕೆ, ಮೈತುಂಬ ಬಿಳಿ ಹೂವು ಹೊತ್ತು ನಿಂತಿರುವುದು ಪಾರ್ಥೇನಿಯಂ. ಊರ ಬಾಯಲ್ಲಿ ಕಾಂಗ್ರೆಸ್ ಕಸ.

ಕಿತ್ತ ದಿನ ಏನೂ ಆಗುವುದಿಲ್ಲ. ಮರುದಿನವೋ, ಅದರ ಮರುದಿನವೋ ಮೊಣಕೈ ಮಡಿಕೆಯಲ್ಲಿ, ಕುತ್ತಿಗೆಯ ಸುತ್ತ ಕೆಂಪು ದದ್ದು ಏಳುತ್ತವೆ. ತುರಿಸಿದಷ್ಟೂ ತುರಿಕೆ. ಇನ್ನು ಕೆಲವರಿಗೆ ಬೆಳಗಾದರೆ ಸಾಲು ಸೀನು, ರಾತ್ರಿಯಾದರೆ ಬಿಡದ ಕೆಮ್ಮು. ಎರಡೂ ಒಬ್ಬರಿಗೇ ಬಂದಾಗ ದವಾಖಾನೆಯಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

‘ಕೆಮ್ಮ ಎಷ್ಟ ದಿನದಿಂದ ಐತಿ, ಯಜಮಾನ್ರ?’

‘ಮಳಿ ಹಿಡದಾಗಿಂದ ಐತ್ರಿ, ಸಾಹೇಬ್ರ. ರಾತ್ರಿ ಮಲಗಾಕ ಬಿಡಂಗಿಲ್ಲ.’

‘ಮತ್ತ ಕುತ್ತಿಗಿ ಮ್ಯಾಲಿಂದು?’

‘ಅದರ ಸುದ್ದಿ ಬ್ಯಾರೆ ರೀ. ಅದಕ್ಕ ಅಂಗಡ್ಯಾಗಿನ ಮುಲಾಮ ಹಚ್ಚೇನಿ.’

ಕೆಮ್ಮಿಗೊಂದು ಸಿರಪ್ಪು, ತುರಿಕೆಗೊಂದು ಟ್ಯೂಬು. ಎರಡನ್ನೂ ಸೇರಿಸಿ ನೋಡುವ ಪುರುಸೊತ್ತು ರೋಗಿಗೂ ಇರುವುದಿಲ್ಲ, ಬಾಗಿಲಾಚೆ ಸಾಲು ಬೆಳೆಯುತ್ತಿರುವಾಗ ವೈದ್ಯರಿಗೂ ಸಿಗುವುದಿಲ್ಲ. ಆದರೆ ಎರಡಕ್ಕೂ ಬೇರು ಒಂದೇ ಇರಬಹುದು. ಹಾಗಿದ್ದರೆ ಮೈಗೆ ಮದ್ದು ಹಚ್ಚಿದ್ದು ಅರ್ಧ ಕೆಲಸ. ಉಳಿದರ್ಧ ಇರುವುದು ಬದುವಿನಲ್ಲಿ, ಕಾಲುವೆ ದಂಡೆಯಲ್ಲಿ, ಊರೊಳಗಿನ ಖುಲ್ಲಾ ಜಾಗದಲ್ಲಿ.

ಗಿಡವನ್ನು ಹತ್ತಿರದಿಂದ ನೋಡಿದರೆ

ಮಳೆ ಬಿದ್ದು ವಾರ ಕಳೆಯುವುದರೊಳಗೆ ಪಾರ್ಥೇನಿಯಂ ಮೊಳಕೆ ಮೇಲೆ ಬರುತ್ತದೆ. ಮೊದಲ ಕೆಲವು ವಾರ ಎಲೆಗಳು ನೆಲಕ್ಕೆ ಅಂಟಿಕೊಂಡು ಸುತ್ತಲೂ ಹರಡುತ್ತವೆ. ಗಜ್ಜರಿ ಎಲೆಯ ಹಾಗೆ ಸೀಳುಸೀಳಾಗಿರುವುದರಿಂದ ಕೆಲವೆಡೆ ಇದಕ್ಕೆ ಗಜ್ಜರಿ ಕಸ ಎಂದೂ ಹೆಸರು. ಆಮೇಲೆ ನಡುವಿನಿಂದ ಗೆರೆಗೆರೆಯ ದಂಟು ಏಳುತ್ತದೆ. ದಂಟು, ಎಲೆ, ಹೂವಿನ ಬುಡ ಎಲ್ಲೆಡೆ ಬರಿಗಣ್ಣಿಗೆ ಮಂಜಿನಂತೆ ಕಾಣುವ ಸಣ್ಣ ರೋಮಗಳಿವೆ. ತುರಿಕೆ ತರುವ ರಾಸಾಯನಿಕ ಈ ರೋಮಗಳಲ್ಲೇ ತುಂಬಿಕೊಂಡಿರುತ್ತದೆ.

ನಾವು ಒಂದು ಹೂವು ಎಂದುಕೊಳ್ಳುವುದು ನಿಜಕ್ಕೂ ಹಲವು ಪುಟ್ಟ ಹೂಗಳ ಗುಚ್ಛ. ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬದ ಲಕ್ಷಣವೇ ಇದು. ಅರ್ಧ ಸೆಂಟಿಮೀಟರಿಗೂ ಕಡಿಮೆ ಅಗಲದ ಗುಚ್ಛದ ಅಂಚಿಗೆ ಐದು ಬಿಳಿ ಮೂಲೆಗಳು. ಒಂದೊಂದು ಮೂಲೆಗೆ ಒಂದೊಂದು ಕಪ್ಪು ಬೀಜ. ಬೀಜದ ಎರಡೂ ಪಕ್ಕ ತೆಳುವಾದ ಹೊಟ್ಟು ಅಂಟಿಕೊಂಡಿರುತ್ತದೆ. ನೀರಿನಲ್ಲಿ ತೇಲಿ ಹೋಗಲು ಅಷ್ಟು ಸಾಕು.

ಒಂದು ಹೂವಿಗೆ ಐದೇ ಬೀಜವಾದರೂ ಚೆನ್ನಾಗಿ ಬೆಳೆದ ಒಂದು ಗಿಡ 15ರಿಂದ 25 ಸಾವಿರ ಬೀಜ ಉದುರಿಸಬಲ್ಲದು. ಪರಾಗದ ಲೆಕ್ಕವಂತೂ 60 ಕೋಟಿ ಕಣ ದಾಟುತ್ತದೆ. ಮೊಳೆತ ನಾಲ್ಕು ವಾರಕ್ಕೇ ಹೂ ಬಿಡುವುದುಂಟು. ಮಣ್ಣಿನಡಿ ಹೂತ ಬೀಜ ಹಲವು ವರ್ಷ ಸಾಯದೆ ಕಾಯುತ್ತದೆ. ಒಂದು ಸಲ ಬೀಜ ಉದುರಿತೆಂದರೆ ಆ ಜಾಗದಲ್ಲಿ ಹಲವು ಮಳೆಗಾಲದ ಕೆಲಸ ಬಿತ್ತಿದಂತೆಯೇ.

ಚರ್ಮಕ್ಕೊಂದು ದಾರಿ, ಉಸಿರಿಗೊಂದು ದಾರಿ

ಗಿಡ ಒಂದೇ ಆದರೂ ಅದು ಮೈಯನ್ನು ಹೊಗುವ ದಾರಿ ಎರಡು. ಇದು ತಿಳಿಯದಿದ್ದರೆ ರೋಗವೂ ತಿಳಿಯುವುದಿಲ್ಲ.

ಮೊದಲ ದಾರಿ ಚರ್ಮದ್ದು. ಗಿಡದ ರೋಮಗಳಲ್ಲಿರುವ ಮುಖ್ಯ ರಾಸಾಯನಿಕದ ಹೆಸರು ಪಾರ್ಥೆನಿನ್. ಅದು ಚರ್ಮದೊಳಗೆ ಇಳಿದು ಅಲ್ಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ದೇಹದ ರಕ್ಷಣಾ ಕಣಗಳು ಅದನ್ನು ಪರಕೀಯ ಎಂದು ಗುರುತಿಟ್ಟುಕೊಳ್ಳುತ್ತವೆ. ಈ ಗುರುತು ಮೂಡಲು ತಿಂಗಳುಗಳೇ ಆಗಬಹುದು, ವರ್ಷಗಳೇ ಹಿಡಿಯಬಹುದು. ಒಮ್ಮೆ ಮೂಡಿತೆಂದರೆ ಆಮೇಲೆ ಸೋಂಕಿದಾಗಲೆಲ್ಲ ಆ ಕಣಗಳು ದಾಳಿಗಿಳಿಯುತ್ತವೆ. ದಾಳಿ ಜೋರಾಗಲು ಒಂದರಿಂದ ಮೂರು ದಿನ ಬೇಕು. ಸೋಮವಾರ ಕಿತ್ತ ಕಸಕ್ಕೆ ಬುಧವಾರ ತುರಿಕೆ ಬಂದರೆ ಮಂಗಳವಾರ ತಿಂದ ಬದನೆಕಾಯಿಯ ಮೇಲೆ ಅನುಮಾನ ಹೋಗುವುದು ಸಹಜ.

‘ಹತ್ತ ವರ್ಸ ಬರಿಗೈಲೆ ಕಿತ್ತೇನಿ, ನನಗೇನೂ ಆಗಿಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಹನ್ನೊಂದನೆಯ ವರ್ಷ ಆಗುವುದಿಲ್ಲ ಎಂಬ ಖಾತ್ರಿ ಮಾತ್ರ ಅದರಲ್ಲಿ ಇಲ್ಲ.

ಎರಡನೆಯ ದಾರಿ ಉಸಿರಿನದು. ಇಲ್ಲಿ ತಂಟೆ ತೆಗೆಯುವುದು ಪರಾಗದಲ್ಲಿರುವ ಪ್ರೋಟೀನು. ಅಲರ್ಜಿಯ ಪ್ರವೃತ್ತಿ ಇರುವವರ ಮೂಗಿಗೆ ಪರಾಗ ತಾಗಿದ ಕೆಲವೇ ನಿಮಿಷಗಳಲ್ಲಿ ಸೀನು, ನೀರಿಳಿಯುವ ಮೂಗು, ಕೆಂಪು ಕಣ್ಣು. ಮೂಗಿನ ಹಿಂಬದಿಯಿಂದ ಗಂಟಲಿಗೆ ಇಳಿಯುವ ಸಿಂಬಳವೇ ಎಷ್ಟೋ ಸಲ ವಾರಗಟ್ಟಲೆ ಕೆಮ್ಮಿಸುತ್ತದೆ. ಶ್ವಾಸನಾಳ ಬಿಗಿದರೆ ಅದು ದಮ್ಮು: ಎದೆಯಲ್ಲಿ ಸುಯ್ ಎನ್ನುವ ಸದ್ದು, ಬೆಳಗಿನ ಜಾವ ಎದ್ದು ಕೂರಿಸುವ ಉಬ್ಬಸ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಎರಡನೆಯ ದಾರಿಯನ್ನು ವಿವರವಾಗಿ ಪರೀಕ್ಷಿಸಿದ್ದರು. 1991ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಮೂಗಿನ ಅಲರ್ಜಿ ಇದ್ದವರಲ್ಲಿ 34% ಮಂದಿಯ ಮತ್ತು ದಮ್ಮು ಇದ್ದವರಲ್ಲಿ 12% ಮಂದಿಯ ಚರ್ಮ ಪಾರ್ಥೇನಿಯಂ ಪರಾಗದ ಚುಚ್ಚು ಪರೀಕ್ಷೆಗೆ ಸ್ಪಂದಿಸಿತ್ತು. ಅದಕ್ಕೂ ಮೊದಲು ಈ ಗಿಡದ ಕೆಟ್ಟ ಹೆಸರು ಬಹುಮಟ್ಟಿಗೆ ಚರ್ಮಕ್ಕೆ ಸಂಬಂಧಿಸಿದ್ದಾಗಿತ್ತು.

ಒಬ್ಬರಿಗೆ ಚರ್ಮದ ತೊಂದರೆಯಷ್ಟೇ ಬರಬಹುದು, ಇನ್ನೊಬ್ಬರಿಗೆ ಮೂಗಿನದಷ್ಟೇ. ಎರಡೂ ಬಂದವರಿಗೆ ಎರಡೂ ಬೇರೆ ರೋಗವೆಂದೇ ತೋರುತ್ತದೆ.

ದದ್ದು ಏಳುವ ಜಾಗವೇ ಸುಳಿವು

ಪಾರ್ಥೇನಿಯಂ ತುರಿಕೆಗೆ ಗಿಡ ಮುಟ್ಟಲೇಬೇಕೆಂದಿಲ್ಲ. ಒಣಗಿದ ಗಿಡ ಪುಡಿಯಾಗಿ ಗಾಳಿಗೆ ಹಾರುತ್ತದೆ, ಆ ಪುಡಿಯಲ್ಲೂ ಪಾರ್ಥೆನಿನ್ ಇರುತ್ತದೆ. ಗಿಡವೆಲ್ಲ ಒಣಗಿದ ಬೇಸಿಗೆಯಲ್ಲೇ ಹಲವರಿಗೆ ತುರಿಕೆ ಉಲ್ಬಣಿಸಲು ಇದೊಂದು ಕಾರಣ. ಬೈಕಿನಲ್ಲಿ ಹೋಗುವವರು, ಕಣದಲ್ಲಿ ರಾಶಿ ಮಾಡುವವರು, ಬಣವೆ ಒಟ್ಟುವವರು ಯಾರೂ ಹೊರತಲ್ಲ.

ಗಾಳಿಯಲ್ಲಿ ಬಂದ ಪುಡಿ ಬಟ್ಟೆ ಮುಚ್ಚದ ಕಡೆ ಕೂರುತ್ತದೆ, ಬೆವರು ನಿಲ್ಲುವ ಮಡಿಕೆಗಳಲ್ಲಿ ಅಂಟುತ್ತದೆ. ಹಾಗಾಗಿ ಕಣ್ಣಿನ ರೆಪ್ಪೆ, ಕಿವಿಯ ಹಿಂಬದಿ, ಗದ್ದದ ಕೆಳಗೆ, ಕುತ್ತಿಗೆಯ ಗೆರೆಗಳು, ಅಂಗಿಯ ಮೇಲಿನ ಗುಂಡಿ ಬಿಚ್ಚಿದಾಗ ಕಾಣುವ ಎದೆಯ ಭಾಗ, ಮೊಣಕೈ ಮತ್ತು ಮೊಣಕಾಲಿನ ಮಡಿಕೆ, ಇಲ್ಲೆಲ್ಲ ಮೊದಲು ದದ್ದು. ಬಿಸಿಲಿಗೆ ಮಾತ್ರ ಆಗುವ ಅಲರ್ಜಿ ನೆರಳು ಬೀಳುವ ರೆಪ್ಪೆ, ಗದ್ದದಡಿ, ಕಿವಿ ಹಿಂಬದಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಗಾಳಿಯ ಪುಡಿ ಬಿಡುವುದಿಲ್ಲ. ಚರ್ಮವೈದ್ಯರು ಮೊದಲು ಕಿವಿ ಹಿಂದೆ ನೋಡುವುದು ಇದೇ ಕಾರಣಕ್ಕೆ.

ವರ್ಷಗಟ್ಟಲೆ ಹೀಗೇ ಬಿಟ್ಟರೆ ಚರ್ಮ ಕಪ್ಪಗೆ, ದಪ್ಪಗಾಗಿ ಗೆರೆಗಟ್ಟುತ್ತದೆ. ಕೆಲವರಿಗೆ ಬಿಸಿಲೇ ಸಹಿಸಲಾಗದ ಸ್ಥಿತಿ ಬರುತ್ತದೆ. ಹೊಲದವರಿಗೆ ಅದು ಕೆಲಸ ಕಳೆದುಕೊಂಡಂತೆಯೇ ಸರಿ. ನಮ್ಮ ದೇಶದ ವೈದ್ಯಕೀಯ ವರದಿಗಳಲ್ಲಿ ಇಂಥ ರೋಗಿಗಳ ಪೈಕಿ ನಡುವಯಸ್ಸಿನ ಮತ್ತು ಅದನ್ನು ದಾಟಿದ ಗಂಡಸರೇ ಹೆಚ್ಚು, ಮಕ್ಕಳು ಕಡಿಮೆ. ಒಂದೇ ಕುಟುಂಬದ ಗಿಡಗಳಾದ್ದರಿಂದ ಪಾರ್ಥೇನಿಯಂಗೆ ಒಗ್ಗದ ಕೆಲವರ ಮೈಗೆ ಸೇವಂತಿಗೆಯೂ, ಸೂರ್ಯಕಾಂತಿಯೂ ಆಗಿಬರುವುದಿಲ್ಲ.

ಪುಣೆಯಿಂದ ಎರೆ ನಾಡಿಗೆ

ಈ ಗಿಡದ ತವರು ಮೆಕ್ಸಿಕೋ ಕೊಲ್ಲಿಯ ಸುತ್ತಲಿನ ಅಮೆರಿಕ. ಭಾರತದಲ್ಲಿ ಇದನ್ನು ಕಳೆಯಾಗಿ ಗುರುತಿಸಿದ್ದು 1955ರಲ್ಲಿ, ಪುಣೆಯಲ್ಲಿ. ಸಸ್ಯವಿಜ್ಞಾನಿ ಆರ್.ಎಸ್. ರಾವ್ ಮರುವರ್ಷ ಅದನ್ನು ದಾಖಲಿಸಿದರು.

ಅಮೆರಿಕದಿಂದ ಪಿಎಲ್-480 ಎಂಬ ಆಹಾರ ನೆರವಿನ ಯೋಜನೆಯಡಿ ಬಂದ ಗೋಧಿಯ ಜೊತೆ ಬೀಜ ಬಂತು ಎಂಬ ಮಾತು ಎಲ್ಲರಿಗೂ ಬಾಯಿಪಾಠ. ಆದರೆ ಆ ಯೋಜನೆಯಡಿ ಭಾರತ ಒಪ್ಪಂದಕ್ಕೆ ಸಹಿ ಹಾಕಿದ್ದು 1956ರ ಆಗಸ್ಟ್‌ನಲ್ಲಿ, ಪುಣೆಯಲ್ಲಿ ಗಿಡ ಕಂಡ ಮೇಲೆ. ಅಮೆರಿಕದ ಗೋಧಿ ಅದಕ್ಕೂ ಮೊದಲೇ, 1951ರ ನೆರವಿನಲ್ಲಿ, ಬಂದಿತ್ತು ನಿಜ. ಇನ್ನೂ ಹಿಂದೆ, 1814ರಲ್ಲಿ ಪ್ರಕಟವಾದ ಕಲ್ಕತ್ತೆಯ ಸಸ್ಯೋದ್ಯಾನದ ಪಟ್ಟಿಯಲ್ಲಿಯೂ ಇದರ ಹೆಸರಿದೆ. ಗೋಧಿ ಮೂಟೆಗಳು ಹಬ್ಬಿಸಿರಬಹುದು. ದೇಶಕ್ಕೆ ಮೊದಲು ತಂದದ್ದು ಅವೇ ಎನ್ನಲಾಗದು.

ಆ ಮೇಲಿನ ಹಬ್ಬುವಿಕೆ ಮಾತ್ರ ಬಲು ಬಿರುಸು. 1971ರ ಹೊತ್ತಿಗೆ ಬೆಂಗಳೂರಿನ ಸಸ್ಯವಿಜ್ಞಾನಿ ಜಯಚಂದ್ರ ಅವರು ಮೈಸೂರು ರಾಜ್ಯದ ಪಾರ್ಥೇನಿಯಂ ಮತ್ತು ಅದರ ಹತೋಟಿಯ ಬಗ್ಗೆ ವಿಜ್ಞಾನ ಪತ್ರಿಕೆಯಲ್ಲಿ ಬರೆಯಬೇಕಾಗಿ ಬಂತು. 1974ರಲ್ಲಿ ಪುಣೆಯ ಚರ್ಮವೈದ್ಯ ಎ. ಲೋಣಕರ್ ಮತ್ತು ಸಂಗಡಿಗರು ಇದರಿಂದಾಗುವ ಚರ್ಮರೋಗವನ್ನು ವಿವರಿಸಿದರು. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಪೀಡೆ ಕಳೆ ಎಂದು ಘೋಷಿಸಿತು.

ಕಾಲುವೆ, ರಸ್ತೆ, ಹೊಳೆ

ನರಗುಂದ, ರೋಣದ ಸೀಮೆಗೆ ಈ ಕಸ ಒಗ್ಗಿದ್ದರಲ್ಲಿ ಅಚ್ಚರಿಯಿಲ್ಲ. ರಾಜ್ಯದಲ್ಲಿ ಅದು ಹಬ್ಬುತ್ತಿದ್ದ ಎಪ್ಪತ್ತರ ದಶಕದಲ್ಲೇ ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭೆಯ ನೀರೂ ಕಾಲುವೆಗಳಲ್ಲಿ ಹರಿಯತೊಡಗಿತು. ಒಣ ಬೇಸಾಯದ ನೆಲದಲ್ಲಿ ವರ್ಷದ ಹೆಚ್ಚು ತಿಂಗಳು ಹಸಿ ಇರುವ ಉದ್ದುದ್ದ ದಂಡೆಗಳು ಎದ್ದವು. ದಂಡೆಯ ಮೇಲೆ ಬೆಳೆಯಿಲ್ಲ, ಎಡೆ ಹೊಡೆಯುವವರಿಲ್ಲ, ದನವೂ ಈ ಗಿಡವನ್ನು ಬೇಕೆಂದು ಮೇಯುವುದಿಲ್ಲ. ಮೇವಿಲ್ಲದೆ ತಿಂದರೆ ಹಾಲು ಕಹಿಯಾಗುತ್ತದೆ. ಹೆಚ್ಚು ತಿಂದ ದನ, ಎಮ್ಮೆಗಳ ಮೈಮೇಲೂ ಬಾಯಲ್ಲೂ ಹುಣ್ಣಾಗುವುದನ್ನು ಪಶುವೈದ್ಯರು ದಾಖಲಿಸಿದ್ದಾರೆ.

ಪ್ರವಾಹವೂ ಬೀಜದ ಗಾಡಿ. 2009ರಲ್ಲಿ ಮತ್ತು 2019ರಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಉಕ್ಕಿ ಈ ಭಾಗದ ಹಳ್ಳಿಗಳಿಗೆ ನೀರು ನುಗ್ಗಿತ್ತು. ಇಂಥ ನೆರೆ ಇಳಿದ ಮೇಲೆ ಉಳಿಯುವ ಹೊಸ ಮೆಕ್ಕಲು, ಖಾಲಿ ಬಿದ್ದ ಮನೆಯಂಗಳ, ಬೆಳೆ ಕೊಚ್ಚಿಹೋದ ಹೊಲ ಮೂರೂ ಪಾರ್ಥೇನಿಯಂಗೆ ಹೇಳಿ ಮಾಡಿಸಿದ ಜಾಗ. ರಸ್ತೆ ಕೆಲಸಕ್ಕೆ ತಂದ ಗರಸು, ಟ್ರ್ಯಾಕ್ಟರ್ ಗಾಲಿಗೆ ಮೆತ್ತಿದ ಎರೆ, ಕೊಯ್ಲು ಯಂತ್ರದ ಸಂದಿ, ಚೆನ್ನಾಗಿ ಕಳಿಯದ ತಿಪ್ಪೆಗೊಬ್ಬರ ಇವೂ ಬೀಜ ಸಾಗಿಸುತ್ತವೆ.

ಬೆಳೆಗೂ ಪೆಟ್ಟಿದೆ. ಗಿಡದ ಬೇರು, ಎಲೆಯಿಂದ ಒಸರುವ ರಾಸಾಯನಿಕಗಳು ಸುತ್ತಲಿನ ಬೀಜ ಮೊಳೆಯಲು ಅಡ್ಡಿ ಮಾಡುತ್ತವೆ. ಬೇರೆ ಬೆಳೆಯ ಹೂವಿನ ಮೇಲೆ ಇದರ ಪರಾಗ ದಟ್ಟವಾಗಿ ಬಿದ್ದರೆ ಕಾಯಿ ಕಟ್ಟುವುದೂ ಕುಗ್ಗುತ್ತದೆ ಎಂದು ಜಯಚಂದ್ರ ಮತ್ತು ಅವರ ಸಹ ಸಂಶೋಧಕರು ತೋರಿಸಿದರು. ಬದುವಿನ ಕಸ ಬದುವಿನಲ್ಲೇ ಇರಲಿ ಎಂದು ಬಿಡುವವರು ಇದನ್ನು ನೆನಪಿಡಬೇಕು.

ಎಲ್ಲ ತುರಿಕೆಗೂ ಇದೇ ಕಾರಣವಲ್ಲ

ಇಷ್ಟು ಓದಿದ ಮೇಲೆ ತುರಿಸಿದ್ದಕ್ಕೆಲ್ಲ ಕಾಂಗ್ರೆಸ್ ಕಸವನ್ನೇ ದೂರುವ ಅಪಾಯವಿದೆ. ಕೆಲವು ಗುರುತುಗಳು ಬೇರೆಯದನ್ನೇ ಹೇಳುತ್ತವೆ.

ರಾತ್ರಿ ಹಾಸಿಗೆ ಸೇರಿದ ಮೇಲೆ ತುರಿಕೆ ಹೆಚ್ಚಾಗಿ, ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಗುಳ್ಳೆಯೆದ್ದು, ಮನೆಯಲ್ಲಿ ಮೂರ್ನಾಲ್ಕು ಜನ ಒಟ್ಟಿಗೆ ತುರಿಸಿಕೊಳ್ಳುತ್ತಿದ್ದರೆ ಅದು ಕಜ್ಜಿ. ಒಬ್ಬರಿಗಷ್ಟೇ ಮದ್ದು ಮಾಡಿದರೆ ಹೋಗುವುದಿಲ್ಲ. ಅಂಚು ಕೆಂಪಾಗಿ ಉಬ್ಬಿ, ನಡುವೆ ತಿಳಿಯಾಗುತ್ತ ದುಂಡಗೆ ಹರಡಿದರೆ ಗಜಕರ್ಣ, ಹಳ್ಳಿಯವರ ಹುಳಕಡ್ಡಿ. ಮೈಮೇಲೆ ಗಂಧೆ ಎದ್ದು ಕೆಲವು ತಾಸಿನಲ್ಲಿ ಮಾಯವಾದರೆ ಅದರ ಕಾರಣಗಳು ಬೇರೆಯೇ.

ಮಕ್ಕಳಿಗೆ ಜ್ವರ, ಕೆಮ್ಮು, ಕೆಂಪು ಕಣ್ಣಿನೊಂದಿಗೆ ಮುಖದಿಂದ ಕೆಳಕ್ಕೆ ದದ್ದು ಇಳಿದರೆ ಅದು ದಡಾರ ಇರಬಹುದು. ಅದೇ ದಿನ ವೈದ್ಯರಿಗೆ ತೋರಿಸಬೇಕು. ಯಾರಿಗೇ ಆಗಲಿ ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಮಾಡಿಸಬೇಕಾದ್ದು ಕಫ ಪರೀಕ್ಷೆ. ಕ್ಷಯದ ಪರೀಕ್ಷೆಯೂ ಔಷಧವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೆಮ್ಮಿನ ಜೊತೆ ಸಂಜೆ ಜ್ವರ, ತೂಕ ಇಳಿತ, ಕಫದಲ್ಲಿ ರಕ್ತ ಕಂಡರೆ ಅಲರ್ಜಿಯ ಮಾತು ಆಮೇಲೆ.

ಅಲರ್ಜಿಯ ಕೆಮ್ಮಿನ ನಡೆ ಬೇರೆ. ಅದು ಋತುಮಾನ ನೋಡಿ ಬರುತ್ತದೆ. ಊರು ಬಿಟ್ಟು ಬೇರೆಡೆ ನಾಲ್ಕು ದಿನ ಇದ್ದರೆ ಹಗುರವಾಗಿ, ಮರಳಿದೊಡನೆ ಹಿಡಿಯುತ್ತದೆ. ಸೀನು, ಕಣ್ಣು-ಮೂಗಿನ ತುರಿಕೆ ಜೊತೆಗಿರುತ್ತವೆ. ವೈದ್ಯರ ಮುಂದೆ ಈ ವಿವರಗಳನ್ನು ತಾವಾಗಿ ಹೇಳಿದರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ.

ಅಂಗಡಿಯ ಟ್ಯೂಬು ಮಾಡುವ ಹಾನಿ

ತುರಿಕೆಗೆ ಜನ ಮೊದಲು ಹೋಗುವುದು ಔಷಧದಂಗಡಿಗೆ. ಅಲ್ಲಿ ಸಿಗುವ ‘ಎಲ್ಲದಕ್ಕೂ ಒಂದೇ’ ಮುಲಾಮುಗಳಲ್ಲಿ ಹಲವು ತೀಕ್ಷ್ಣ ಸ್ಟೆರಾಯ್ಡ್, ಶಿಲೀಂಧ್ರದ ಔಷಧ, ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿದವು. ಹಚ್ಚಿದ ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ಬಿಟ್ಟ ನಾಲ್ಕು ದಿನಕ್ಕೆ ಮರಳುತ್ತದೆ. ಕುತ್ತಿಗೆ, ಮುಖದ ತೆಳು ಚರ್ಮಕ್ಕೆ ತಿಂಗಳಾನುಗಟ್ಟಲೆ ಹಚ್ಚಿದರೆ ಚರ್ಮ ಸವೆದು ರಕ್ತನಾಳಗಳು ಕಾಣತೊಡಗುತ್ತವೆ. ಅದು ಗಜಕರ್ಣವೇ ಆಗಿದ್ದರೆ ಸ್ಟೆರಾಯ್ಡಿನಿಂದ ಇನ್ನಷ್ಟು ಹಬ್ಬುತ್ತದೆ.

‘ಒಂದು ಸೂಜಿ ಮಾಡ್ರಿ’ ಎಂದು ಕೇಳಿ ಪದೇಪದೇ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳುವವರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಸವೆತ ಬೆನ್ನು ಹತ್ತುತ್ತವೆ.

ಸರಿಯಾದ ದಾರಿ ಪ್ಯಾಚ್ ಪರೀಕ್ಷೆ. ಅನುಮಾನದ ವಸ್ತುಗಳ ಸಾರವನ್ನು ಬೆನ್ನಿಗೆ ಪಟ್ಟಿಯಲ್ಲಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುತ್ತಾರೆ. ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ನಮ್ಮ ದೇಶದಲ್ಲಿ ಬಳಸುವ ಪರೀಕ್ಷಾ ಪಟ್ಟಿಯಲ್ಲಿ ಪಾರ್ಥೇನಿಯಂ ಸೇರಿಯೇ ಇದೆ. ಗದಗದ ಜಿಮ್ಸ್, ಹುಬ್ಬಳ್ಳಿಯ ಹಳೆಯ ಕಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗದಲ್ಲಿ ಈ ಬಗ್ಗೆ ವಿಚಾರಿಸಬಹುದು. ಎಲೆ ಅರೆದು ಕೈಗೆ ಹಚ್ಚಿ ಮನೆಯಲ್ಲೇ ಪರೀಕ್ಷಿಸುವ ಸಾಹಸ ಬೇಡ.

ರೋಗ ಖಚಿತವಾದರೆ ಅಳತೆ-ಅವಧಿ ಕಟ್ಟಿದ ಮುಲಾಮು, ತುರಿಕೆ ಇಳಿಸುವ ಗುಳಿಗೆ, ತೀವ್ರವಾಗಿದ್ದರೆ ರಕ್ತ ಪರೀಕ್ಷೆ ಮಾಡಿಸುತ್ತ ಕೊಡುವ ಅಜಾಥಯೋಪ್ರಿನ್‌ನಂಥ ಔಷಧಗಳಿವೆ. ದಮ್ಮಿಗೆ ಇನ್‌ಹೇಲರ್ ಬರೆದುಕೊಟ್ಟರೆ ‘ಪಂಪ್ ಹಿಡದರ ಬಿಡಾಕ ಆಗಂಗಿಲ್ಲ’ ಎಂದು ಹಿಂಜರಿಯುವುದು ಬೇಡ. ಅದರಲ್ಲಿರುವ ಔಷಧ ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಗುಳಿಗೆಗಿಂತ ತೀರ ಕಡಿಮೆ ಪ್ರಮಾಣ ಸಾಕು. ಅದು ಚಟ ಹಿಡಿಸುವುದಿಲ್ಲ.

ಇದೆಲ್ಲ ಮಾಡಿಯೂ ರೋಗಿ ಮರಳುವುದು ಅದೇ ಬದುವಿಗೆ. ಹಾಗಾಗಿ ಗಿಡದ ಮಾತು ಬಿಟ್ಟು ಮದ್ದಿನ ಮಾತು ಪೂರ್ತಿಯಾಗದು.

ಮೆಕ್ಸಿಕೋದ ದುಂಬಿ, ಸೂರ್ಯಕಾಂತಿಯ ರಗಳೆ

ತವರಿನಲ್ಲಿ ಪಾರ್ಥೇನಿಯಂ ಇಷ್ಟು ಕಾಡುವುದಿಲ್ಲ, ಅಲ್ಲಿ ಅದನ್ನು ತಿನ್ನುವ ಕೀಟಗಳಿವೆ. ಅಂಥದೊಂದು ದುಂಬಿಯನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1983ರಲ್ಲಿ ಮೆಕ್ಸಿಕೋದಿಂದ ತರಿಸಿತು. ಕೀಟವಿಜ್ಞಾನಿ ಕೆ.ಪಿ. ಜಯಂತ್ ಅವರ ಪರೀಕ್ಷೆಗಳ ಬಳಿಕ 1984ರಲ್ಲಿ ಅದನ್ನು ಬಯಲಿಗೆ ಬಿಡಲಾಯಿತು. ಹೆಸರು ಝೈಗೊಗ್ರಾಮಾ ಬೈಕಲರೇಟಾ. ಕೆನೆಬಣ್ಣದ ರೆಕ್ಕೆಯ ಮೇಲೆ ಕಂದು ಗೆರೆ. ಮರಿಯೂ ದೊಡ್ಡದೂ ಎಲೆ ತಿಂದು ಗಿಡವನ್ನು ಬರೀ ದಂಟು ಮಾಡುತ್ತವೆ.

ತೊಂಬತ್ತರ ದಶಕದ ಆರಂಭದಲ್ಲಿ ರಾಜ್ಯದಲ್ಲಿ ಈ ದುಂಬಿ ಸೂರ್ಯಕಾಂತಿ ಎಲೆಯನ್ನೂ ತಿನ್ನುತ್ತಿದೆ ಎಂಬ ದೂರು ಎದ್ದಿತು. ಸೂರ್ಯಕಾಂತಿ ಬೆಳೆಯುವ ಎರೆ ಸೀಮೆಗೆ ಅದು ಸಣ್ಣ ಸುದ್ದಿಯಲ್ಲ. ಕೇಂದ್ರ ಸರ್ಕಾರ ಸಮಿತಿ ನೇಮಿಸಿತು, ಬಿರುಸಿನ ವಾದವೂ ನಡೆಯಿತು. ಕೊನೆಗೆ ಕಂಡದ್ದು ಇಷ್ಟು: ಸುತ್ತಲಿನ ಪಾರ್ಥೇನಿಯಂನಿಂದ ಉದುರಿದ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಕೂತಿದ್ದರಿಂದ ದುಂಬಿ ಮೋಸಹೋಗಿ ಕಚ್ಚುತ್ತಿತ್ತು. ಆ ಎಲೆಯನ್ನೇ ನೆಚ್ಚಿ ಅದು ಬದುಕಲಾರದು.

ದುಂಬಿಗೂ ಮಿತಿಯಿದೆ. ಅದರ ಕೆಲಸ ಮಳೆಗಾಲದಲ್ಲಿ. ಒಣ ತಿಂಗಳುಗಳಲ್ಲಿ ಮಣ್ಣಿನೊಳಗೆ ಹೊಕ್ಕು ಮಲಗುತ್ತದೆ. ಮಳೆ ಕಡಿಮೆಯಾದ ವರ್ಷ ಅದರ ಸಂಖ್ಯೆ ಏಳುವುದರೊಳಗೆ ಗಿಡ ಹೂ ಬಿಟ್ಟಿರುತ್ತದೆ. ಗದಗ ಜಿಲ್ಲೆಯಂಥ ಕಡಿಮೆ ಮಳೆಯ ಸೀಮೆಯಲ್ಲಿ ಅದನ್ನೊಂದನ್ನೇ ನೆಚ್ಚಿ ಕೂರುವಂತಿಲ್ಲ.

ಧಾರವಾಡ ತೋರಿದ ಪರ್ಯಾಯ

ಇನ್ನೊಂದು ದಾರಿ ಪಕ್ಕದ ಧಾರವಾಡದಿಂದ ಬಂತು. ಅಲ್ಲಿನ ಸುತ್ತಮುತ್ತ ಕ್ಯಾಸಿಯಾ ಯೂನಿಫ್ಲೋರಾ ಎಂಬ, ತಗಚಿ ಜಾತಿಯ ಗಿಡ ಹಬ್ಬಿದ ಕಡೆ ಪಾರ್ಥೇನಿಯಂ ಹಿಂದೆ ಸರಿದದ್ದನ್ನು ವಿಜ್ಞಾನಿಗಳು ಗಮನಿಸಿದರು. ಭತ್ತದ ತಳಿಗಳಿಂದ ಹೆಸರಾದ ಪ್ರೊ. ಎಂ. ಮಹದೇವಪ್ಪ ಈ ವಿಚಾರವನ್ನು ಬಿಡದೆ ಪ್ರಚಾರ ಮಾಡಿದರು. ಅವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1997ರ ಅಕ್ಟೋಬರ್‌ನಲ್ಲಿ, ಪಾರ್ಥೇನಿಯಂ ನಿರ್ವಹಣೆ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಅಲ್ಲೇ ನಡೆಯಿತು. ಮಳೆಗೆ ಮುಂಚೆ ರಸ್ತೆ ಬದಿ, ಪಾಳು ನೆಲದಲ್ಲಿ ಇಂಥ ಗಿಡಗಳ ಬೀಜ ಚೆಲ್ಲುವುದು ಕಡಿಮೆ ಖರ್ಚಿನ ಉಪಾಯ. ಅಂಗಳ, ತೋಟದ ಅಂಚಿಗೆ ಚೆಂಡು ಹೂವೂ ಆದೀತು.

ಒಂದು ಎಚ್ಚರಿಕೆ. ರಸ್ತೆ ಬದಿಯ ಪಾರ್ಥೇನಿಯಂಗೆ 15ರಿಂದ 20% ಉಪ್ಪಿನ ದ್ರಾವಣ ಸಿಂಪಡಿಸಿದರೆ ಗಿಡ ಸುಟ್ಟುಹೋಗುವುದು ನಿಜ. ಆದರೆ ಮಲಪ್ರಭಾ ಅಚ್ಚುಕಟ್ಟಿನ ಸವಳು-ಜವಳು ನೆಲದ ಕಷ್ಟ ಕಂಡವರು ಹೊಲದ ಅಂಚಿಗೆ ಉಪ್ಪು ಸುರಿಯುವ ಮಾತು ಎತ್ತಬಾರದು.

ಕೀಳುವುದಕ್ಕೂ ಕ್ರಮವಿದೆ

ಹೂ ಬಿಡುವ ಮೊದಲೇ, ಮಳೆಯಾಗಿ ನೆಲ ಮೆತ್ತಗಿದ್ದಾಗ, ಬೇರು ಸಮೇತ ಕೀಳಬೇಕು. ಮೇಲಿಂದ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ತುಂಬುತೋಳಿನ ಅಂಗಿ, ಕೈಗವಸು, ಮೂಗು ಬಾಯಿಗೆ ಬಟ್ಟೆ ಇರಲಿ. ಕೈಗವಸು ಸಿಗದಿದ್ದರೆ ಗಟ್ಟಿ ಪ್ಲಾಸ್ಟಿಕ್ ಚೀಲವಾದರೂ ಆದೀತು. ಕೆಲಸ ಮುಗಿದ ಮೇಲೆ ಮೈ ತೊಳೆದು, ಬಟ್ಟೆ ಬೇರೆಯಾಗಿ ಒಗೆಯಬೇಕು. ಈಗಾಗಲೇ ತುರಿಕೆ ಇರುವವರು, ದಮ್ಮು ಇರುವವರು ಈ ಕೆಲಸಕ್ಕೆ ಇಳಿಯಲೇಬಾರದು.

ಹೂ ಬಿಡದ ಹಸಿ ಗಿಡವನ್ನು ಸಗಣಿ, ಮಣ್ಣಿನ ಜೊತೆ ಗುಂಡಿಯಲ್ಲಿ ಪದರ ಹಾಕಿ ಮುಚ್ಚಿದರೆ ಗೊಬ್ಬರವಾಗುತ್ತದೆ. ಬೀಜ ಕಟ್ಟಿದ ಗಿಡವನ್ನು ತಿಪ್ಪೆಗೆ ಎಸೆದರೆ ಆ ಗೊಬ್ಬರವೇ ಮುಂದಿನ ವರ್ಷ ಹೊಲಕ್ಕೆ ಕಸ ಹೊತ್ತುಕೊಂಡು ಹೋಗುತ್ತದೆ. ಒಣಗಿಸಿ ಬೆಂಕಿ ಹಚ್ಚುವುದೂ ಒಳ್ಳೆಯದಲ್ಲ. ಆ ಹೊಗೆ ದಮ್ಮಿನವರ ಎದೆಗೇ ಹೋಗುತ್ತದೆ.

ಯಾರ ಹೊಣೆ?

ಕಾನೂನು ಸ್ಪಷ್ಟವಾಗಿದೆ. 1968ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ 1975ರಿಂದಲೂ ಇದು ಘೋಷಿತ ಪೀಡೆ. ಆದರೆ ಗಿಡ ದಟ್ಟವಾಗಿ ಬೆಳೆಯುವುದು ಯಾರೂ ದಿನನಿತ್ಯ ದುಡಿಯದ ಜಾಗದಲ್ಲಿ. ಕಾಲುವೆ ದಂಡೆ ನೀರಾವರಿಯವರದು, ರಸ್ತೆ ಬದಿ ಲೋಕೋಪಯೋಗಿಯವರದು, ಖುಲ್ಲಾ ಜಾಗ ಪಂಚಾಯಿತಿಯದು, ಖಾಲಿ ಪ್ಲಾಟು ಪಟ್ಟಣ ಸೇರಿದ ಮಾಲೀಕನದು. ಒಬ್ಬ ರೈತ ತನ್ನ ಬದು ಎಷ್ಟು ಚೊಕ್ಕ ಇಟ್ಟರೂ ಪರಾಗ ಪಕ್ಕದಿಂದ ಬರುತ್ತದೆ. ಆರೋಗ್ಯದ ದೃಷ್ಟಿಯಿಂದ ಇದು ಕುಡಿಯುವ ನೀರಿನಷ್ಟೇ ಊರೊಟ್ಟಿನ ವಿಷಯ.

ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದ ಕರೆಯಂತೆ ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಶಾಲಾ ಮಕ್ಕಳ ಕೈಯಲ್ಲಿ ಫಲಕ, ಒಂದು ಭಾಷಣ, ಒಂದು ಫೋಟೊ. ಮುಂಗಾರು ಜೂನ್‌ನಲ್ಲೇ ಹಿಡಿದ ವರ್ಷ ಅಷ್ಟೊತ್ತಿಗೆ ಮೊದಲ ಪೀಳಿಗೆಯ ಗಿಡ ಬೀಜ ಚೆಲ್ಲಿ ಮುಗಿಸಿರುತ್ತದೆ. ಊರಿನ ಕೆಲಸ ಮೊದಲ ಹದ ಮಳೆಯಾದ ಮೂರನೆಯ ವಾರಕ್ಕೆ ಒಮ್ಮೆ, ಮತ್ತೆ ತಿಂಗಳು ಬಿಟ್ಟು ಒಮ್ಮೆ ನಡೆಯಬೇಕು. ಮೂರ್ನಾಲ್ಕು ವರ್ಷ ಬಿಡದೆ ನಡೆಯಬೇಕು, ನೆಲದೊಳಗಿನ ಬೀಜದ ದಾಸ್ತಾನು ಕರಗುವವರೆಗೆ.

ಶಿರೋಳ ರೊಟ್ಟಿ ಜಾತ್ರೆಗೆ ಹೆಸರಾದ ಊರು. ಮನೆಮನೆಯಲ್ಲಿ ರೊಟ್ಟಿ ಬಡಿದು ತೋಂಟದಾರ್ಯ ಮಠದ ಅಂಗಳದಲ್ಲಿ ಎಲ್ಲರೂ ಕೂಡಿ ಕರಿಂಡಿ ಹಚ್ಚಿಕೊಂಡು ಉಣ್ಣುವ ರೂಢಿಯಿರುವಲ್ಲಿ ಮನೆಗೊಬ್ಬರು ಎರಡು ದಿನ ಬಂದು ಕಸ ಕೀಳುವುದು ಹೊರೆಯಾಗದು. ಮುಂದಿನ ಗ್ರಾಮಸಭೆಯಲ್ಲಿ ಆ ಎರಡು ದಿನಗಳನ್ನು ಗೊತ್ತು ಮಾಡಿ, ಕಾಲುವೆ ದಂಡೆ ಯಾರಿಗೆ, ರಸ್ತೆ ಬದಿ ಯಾರಿಗೆ ಎಂದು ಠರಾವಿನಲ್ಲಿ ಬರೆಸಬೇಕು. ಕೀಳುವವರಿಗೆ ಕೈಗವಸನ್ನು ಪಂಚಾಯಿತಿಯೇ ಕೊಡಬೇಕು.